ಇನ್ನೂರ ಎಂಬತ್ತೊಂಬತ್ತನೇ ಪುಟದಲ್ಲಿ ಕಂಬ ಹತ್ತಿದವನು

ಇಡೀ ರಾಜ್ಯದ ಕರೆಂಟು ತೆಗೆಯಲು ನನಗೆ ಹತ್ತೊಂಬತ್ತು ತಿಂಗಳು ಬೇಕಾಯಿತು. ನಿವೃತ್ತಿಯಾದ ಮರುವಾರ ಶುರು ಮಾಡಿದ್ದು, ಮುಗಿಯುವ ಹೊತ್ತಿಗೆ ಮುನ್ನೂರ ಹನ್ನೆರಡು ಪುಟ ಆಗಿತ್ತು, ಎಡಗಣ್ಣಿನ ಕನ್ನಡಕದ ನಂಬರು ಬದಲಾಗಿತ್ತು. ನನ್ನ ಕಾದಂಬರಿಯಲ್ಲಿ ಒಬ್ಬ ದುಷ್ಟ ರಾಜಧಾನಿಯ ಯಾವುದೋ ಕೋಣೆಯಲ್ಲಿ ಕೂತು ಕಂಪ್ಯೂಟರಿನ ಒಂದು ಗುಂಡಿ ಒತ್ತುತ್ತಾನೆ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ದೀಪ ಆರುತ್ತವೆ. ಹದಿನಾಲ್ಕು ದಿನ ಕತ್ತಲೆ. ಹದಿನೈದನೆಯ ದಿನ ನನ್ನ ನಾಯಕ, ಸಬ್‌ಸ್ಟೇಷನ್ನಿನ ಒಬ್ಬ ಎಳೆಯ ಆಪರೇಟರ್, ಆ ದುಷ್ಟನನ್ನು ಸೋಲಿಸಿ ಸ್ವಿಚ್ಚು ಹಾಕುತ್ತಾನೆ, ನಾಡು ಬೆಳಗುತ್ತದೆ. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ನೋಡಿದೆ. ಭುಜದ ನೋವಿಗೆ ಕೈ ಎಟುಕಲಿಲ್ಲ.

ನನ್ನ ಕಸುಬಿಗೂ ಕರೆಂಟಿಗೂ ಸಂಬಂಧವಿಲ್ಲ. ಶಿರಸಿ ಬಸ್ ನಿಲ್ದಾಣದಲ್ಲಿ ಮೂವತ್ತೆರಡು ವರ್ಷ ಕಂಟ್ರೋಲರ್ ಆಗಿದ್ದವನು ನಾನು. ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕೂಗುವುದು, ತಡವಾದ ಬಸ್ಸಿಗೆ ಬೈಸಿಕೊಳ್ಳುವುದು, ಬಾರದ ಬಸ್ಸಿಗೆ ಇನ್ನೂ ಹೆಚ್ಚು ಬೈಸಿಕೊಳ್ಳುವುದು. ‘ಯಲ್ಲಾಪುರ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ’ ಎಂದು ಬಿಡಿಬಿಡಿಯಾಗಿ ಹೇಳಿ ಮೈಕು ಆರಿಸುವಷ್ಟರಲ್ಲಿ ಕಿಟಕಿಗೆ ಒಂದು ಮುಖ ಬರುತ್ತಿತ್ತು. ‘ಯಲ್ಲಾಪುರಕ್ಕೆ ಬಸ್ಸು ಯಾವಾಗ ಇದ್ದು?’ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈಗಷ್ಟೇ ಹೇಳಿದ್ದು ಕೇಳಲಿಲ್ಲವೇ ಎಂದು ಹರಿಹಾಯ್ದರೆ, ‘ಕೇಳ್ತು. ಆದ್ರೂ ಒಂದು ಮಾತು ಕೇಳ್ವ ಹೇಳಿ’ ಎಂದು ನಗುತ್ತಿದ್ದರು. ಮೂವತ್ತೆರಡು ವರ್ಷ ನಾನು ಹೇಳಿದ್ದನ್ನು ಈ ತಾಲೂಕಿನಲ್ಲಿ ಒಬ್ಬರೂ ಮೊದಲ ಸಲಕ್ಕೆ ಕೇಳಿಸಿಕೊಂಡಿಲ್ಲ.

ಒಂದು ದಿನದ ಹೊರತು. ಆ ದಿನ ಮಧ್ಯಾಹ್ನ ಕರೆಂಟು ಹೋಗಿ ಮೈಕು ಸತ್ತಿತು. ನಾನು ಸ್ಟೂಲು ಹತ್ತಿ ಗಂಟಲು ಹರಿಯುವಂತೆ ಕೂಗಿದೆ. ಇಡೀ ನಿಲ್ದಾಣ ಬಾಯಿ ಮುಚ್ಚಿ ಕೇಳಿತು. ಕಡಲೆ ಮಾರುವವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಆ ಐದು ನಿಮಿಷದ ರುಚಿ ಇವತ್ತಿಗೂ ನನ್ನ ನಾಲಗೆಯಲ್ಲಿದೆ. ಜನ ಉಸಿರು ಬಿಗಿಹಿಡಿದು ನನ್ನ ಮಾತು ಕೇಳಬೇಕು, ಜೀವಮಾನದಲ್ಲಿ ಇನ್ನೊಂದೇ ಒಂದು ಸಲ. ಕಾದಂಬರಿ ಬರೆಯಲು ಕೂತದ್ದು ಈ ಆಸೆಗೆ. ಕರೆಂಟಿನ ಮೇಲೆಯೇ ಬರೆದದ್ದೂ ಇದೇ ಕಾರಣಕ್ಕೆ.

ನನ್ನ ಹೆಂಡತಿ ಮೊದಲ ಮೂವತ್ತು ಪುಟ ಓದಿ ಕನ್ನಡಕ ತೆಗೆದು ಮಡಚಿಟ್ಟಳು.

‘ಎಂಗೆ ಹೆದ್ರಿಕೆ ಬಂಜಿಲ್ಲೆ’ ಎಂದಳು. ನಮ್ಮ ಮನೆಮಾತಿನಲ್ಲಿ ‘ನನಗೆ ಹೆದರಿಕೆ ಬಂದಿಲ್ಲ’ ಎಂದರ್ಥ.

‘ನಿಂಗೆ ಓದಲೆ ಬತ್ತಿಲ್ಲೆ’ ಎಂದೆ ನಾನು.

ನಲವತ್ತು ವರ್ಷದ ಸಂಸಾರದಲ್ಲಿ ಹೇಳಬಾರದ ಮಾತುಗಳ ಒಂದು ಅಂದಾಜು ನನಗಿದೆ. ಇದು ಅವುಗಳಲ್ಲಿ ಒಂದು ಎಂದು ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು. ಅವಳು ಬಹಳ ಶಾಂತವಾಗಿ ಪಂಥ ಕಟ್ಟಿದಳು. ‘ಹಾಂಗಾದ್ರೆ ಮೂರು ಜನಕ್ಕೆ ಓದಲೆ ಕೊಡಿ. ಒಬ್ರಾದ್ರೂ ಹೆದ್ರಿದ್ರೆ ಅಚ್ಚು ಹಾಕ್ಸಿ, ಆನು ಎಂತೂ ಹೇಳ್ತಿಲ್ಲೆ. ಒಬ್ರೂ ಹೆದ್ರದಿದ್ರೆ ಅಷ್ಟೂ ಕಾಗದ ಬಚ್ಚಲ ಒಲೆಗೆ.’

ಇದು ತಮಾಷೆಯ ಮಾತಲ್ಲ. ನನ್ನ ಹಳೆಯ ಡ್ಯೂಟಿ ಡೈರಿಗಳು ಆ ಒಲೆಗೆ ಹೋದದ್ದನ್ನು ಕಣ್ಣಾರೆ ಕಂಡವನು ನಾನು. ಅವತ್ತು ಸ್ನಾನದ ನೀರು ಚೆನ್ನಾಗಿಯೇ ಕಾದಿತ್ತು.

ನನ್ನ ಹತ್ತಿರ ಇದ್ದದ್ದು ಕೈಬರಹದ ಒಂದೇ ಪ್ರತಿ. ಝೆರಾಕ್ಸ್ ಮಾಡಿಸಿದರೆ ಅಂಗಡಿಯವನು ಕಥೆ ಕದ್ದಾನು ಎಂದು ಮಾಡಿಸಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಹಾಗಾಗಿ ಆ ಒಂದೇ ಕಟ್ಟು ಮೂರು ತಾಲೂಕು ಸುತ್ತಬೇಕಾಯಿತು, ಅದೂ ಬಸ್ಸಿನಲ್ಲಿ. ನಮ್ಮ ಕಡೆ ಅಂಚೆ ಇಲಾಖೆಗಿಂತ ಬಸ್ಸಿನ ಮೇಲೆ ಜನರಿಗೆ ಹೆಚ್ಚು ನಂಬಿಕೆ. ಔಷಧಿ, ಕನ್ನಡಕ, ಮದುವೆಯ ಕರೆಯೋಲೆ, ಮೊಮ್ಮಗನ ಮರೆತುಹೋದ ಶಾಲೆ ಚೀಲ, ಎಲ್ಲವೂ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತು ಊರು ಸೇರುತ್ತವೆ. ನಾನು ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹುರಿ ಬಿಗಿದು, ಪರಿಚಯದ ಕಂಡಕ್ಟರನ ಕೈಗಿಟ್ಟೆ. ‘ಹುಷಾರಿ, ಒಳಗೆ ಇಡೀ ಕರ್ನಾಟಕ ಇದೆ’ ಎಂದೆ. ಅವನು ಅದರ ಮೇಲೆ ಟಿಕೆಟ್ ಮಶೀನು ಇಟ್ಟುಕೊಂಡ.

ಮೊದಲ ಓದುಗ ಸಿದ್ದಾಪುರದಲ್ಲಿರುವ ನನ್ನ ಹೆಂಡತಿಯ ಅಣ್ಣ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಒಂಬತ್ತನೆಯ ದಿನ ಫೋನು ಬಂತು.

‘ಭಾವಾ, ಓದಿ ಮುಗಿಸಿದಿ. ಕರೆಂಟು ಹೋತು, ಅಡ್ಡಿಲ್ಲೆ. ಕಥೆ ಯಾವಾಗ ಶುರುವಾಗ್ತು?’

ನಾನು ಹಲ್ಲು ಕಚ್ಚಿಕೊಂಡು, ಮೂರನೆಯ ದಿನ ಜನ ಅಂಗಡಿಗಳನ್ನು ಲೂಟಿ ಮಾಡುವ ಅಧ್ಯಾಯ ಓದಿದಿರಾ ಎಂದು ಕೇಳಿದೆ.

‘ಓದಿದಿ. ಮೂರನೇ ದಿನಕ್ಕೆಲ್ಲ ಯಾರು ಲೂಟಿ ಮಾಡ್ತ? ಎಂಗಳಲ್ಲಿ ಮೂರನೇ ದಿನಕ್ಕೆ ಕರೆಂಟ್ ಆಫೀಸಿಗೆ ಫೋನು ಮಾಡಲೆ ಶುರು ಮಾಡ್ತ. ನಿಂಗ ಏಳನೇ ದಿನಕ್ಕೆ ಹಾಕಿ ಅದನ್ನ.’

ಹೆಂಡತಿ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಅಂದು ಸಂಜೆ ಬಚ್ಚಲ ಒಲೆಯ ಬೂದಿ ತೆಗೆದು ಸ್ವಚ್ಛ ಮಾಡಿದಳು, ಅಷ್ಟೆ.

ಸಿದ್ದಾಪುರದಿಂದ ಬಂದ ಕಟ್ಟು ಮರುದಿನವೇ ಯಲ್ಲಾಪುರದ ಬಸ್ಸು ಹತ್ತಿ ಮಂಚಿಕೇರಿಯಲ್ಲಿ ಇಳಿಯಿತು. ಅಲ್ಲಿ ಮೈಕು, ಲೈಟು, ಜನರೇಟರ್ ಬಾಡಿಗೆಗೆ ಕೊಡುವ ನನ್ನ ಗೆಳೆಯನಿದ್ದಾನೆ. ನಿಲ್ದಾಣದ ಮೈಕು ಕೆಟ್ಟಾಗೆಲ್ಲ ರಿಪೇರಿಗೆ ಬರುತ್ತಿದ್ದವನು. ಕರೆಂಟನ್ನೇ ನಂಬಿ ಬದುಕುವವನು ಹೆದರದೆ ಇರುತ್ತಾನೆಯೇ ಎಂದು ನನ್ನ ಲೆಕ್ಕಾಚಾರ. ಅವನು ನಾಲ್ಕೇ ದಿನದಲ್ಲಿ ಓದಿ ಮುಗಿಸಿ, ಕಟ್ಟನ್ನು ತಾನೇ ಹಿಡಿದುಕೊಂಡು ಮನೆಗೆ ಬಂದ. ಮುಖದ ತುಂಬ ನಗು.

‘ಕಂಟ್ರೋಲರ್ರೇ, ಎಂಥಾ ಕಥೆ ಬರದ್ರಿ! ಓದಿ ಖುಷಿಯಾಗಿ ಹೋಯ್ತು.’

‘ಖುಷಿಯಾ?’

‘ಮತ್ತೆ? ಹದಿನಾಲ್ಕು ದಿನ ಊರೂರಿಗೆ ಕರೆಂಟಿಲ್ಲ ಅಂದ್ರೆ ನನ್ನ ಆರೂ ಜನರೇಟರಿಗೆ ಪುರುಸೊತ್ತಿಲ್ಲ. ಒಂದೇ ಒಂದು ಬಿಟ್ಟುಹೋಗಿದೆ ನೋಡಿ. ಅದು ಮದುವೆ ಸೀಸನ್ನಾ ಅಲ್ವಾ ಅಂತ ನೀವು ಬರೀಲಿಲ್ಲ.’

ಅವನಿಗೆ ಕಷಾಯ ಕೊಡುವಾಗ ಹೆಂಡತಿಯ ಲೋಟ ಹಿಡಿದ ಕೈ ನಗುವಿಗೆ ಅಲುಗುತ್ತಿತ್ತು. ಮೂವರಲ್ಲಿ ಇಬ್ಬರು ಹೋದರು. ಹತ್ತೊಂಬತ್ತು ತಿಂಗಳ ಕಾಗದಕ್ಕೂ ಒಲೆಗೂ ನಡುವೆ ಉಳಿದದ್ದು ಒಬ್ಬನೇ ಓದುಗ.

ಆ ಮೂರನೆಯವನು ನಮ್ಮ ಓಣಿಯ ಲೈನ್‌ಮನ್. ಹಾವೇರಿ ಕಡೆಯವನು, ಶಿರಸಿಗೆ ಬಂದು ಹನ್ನೊಂದು ವರ್ಷವಾಗಿದೆ. ನಮ್ಮಿಂದ ಎರಡು ಮನೆ ಆಚೆ ಬಾಡಿಗೆಗಿದ್ದಾನೆ. ಕಾದಂಬರಿಯ ಕರೆಂಟಿನ ವಿದ್ಯೆಯೆಲ್ಲ ನನಗೆ ಅವನದೇ ದಾನ. ಫೀಡರ್ ಎಂದರೇನು, ಟ್ರಿಪ್ ಆಗುವುದು ಹೇಗೆ, ಒಂದು ಕಡೆ ಹೋದರೆ ಇನ್ನೊಂದು ಕಡೆ ಯಾಕೆ ಹೋಗುತ್ತದೆ, ಎಲ್ಲವನ್ನೂ ಅವನು ಗೇಟಿನ ಹತ್ತಿರ ನಿಂತು ಬೇಸರವಿಲ್ಲದೆ ಹೇಳಿಕೊಟ್ಟಿದ್ದ. ಕಟ್ಟು ಕೊಟ್ಟಾಗ ಮಾತ್ರ ತಲೆ ಕೆರೆದುಕೊಂಡ. ‘ಕಾಕಾ, ಮಳಿಗಾಲದ ಮೊದಲ ನಮಗ ಟೊಂಗಿ ಕಡಿಯೂ ಕೆಲಸ ಭಾಳ ಇರ್ತೈತ್ರಿ. ನಮ್ಮಾಕಿ ಓದ್ಲಿ ಬಿಡ್ರಿ. ಕತಿ ಅಂದ್ರ ಆಕಿಗೆ ಊಟ ಬ್ಯಾಡ.’

ಅವನ ಹೆಂಡತಿ ಮನೆಯ ಮುಂದಿನ ಜಗುಲಿಯಲ್ಲಿ ಮಶೀನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಗ್ರಂಥಾಲಯದ ಕಾದಂಬರಿಗಳನ್ನು ಎರಡೆರಡು ಸುತ್ತು ಓದಿದವಳು. ಮಶೀನಿಗೆ ಮೋಟರು ಇದೆ. ಕರೆಂಟು ಹೋದರೆ ಬೆಲ್ಟು ಬದಲಿಸಿ ಕಾಲಲ್ಲಿ ತುಳಿಯುತ್ತಾಳೆ, ಒಂದು ಕ್ಷಣ ಕೂಡ ನಿಲ್ಲುವುದಿಲ್ಲ. ಇವಳು ಹೆದರುತ್ತಾಳೆ ಎಂದು ನನಗೆ ನಂಬಿಕೆ ಬರಲಿಲ್ಲ. ಆದರೂ ಕೊಟ್ಟೆ.

ಆರು ದಿನ ಸುದ್ದಿಯಿಲ್ಲ. ಏಳನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೇಟು ದಡ್ ಎಂದಿತು. ಅವಳೇ. ಕೊರಳಿನಲ್ಲಿ ಅಳತೆ ಟೇಪು ಹಾಗೇ ಇತ್ತು, ಕಂಕುಳಲ್ಲಿ ನನ್ನ ಕಟ್ಟು, ಕಣ್ಣಿನಲ್ಲಿ ಬೆಂಕಿ.

‘ಕಾಕಾ, ಇದನ್ನ ಬರದಾವ್ರು ನೀವ ಏನು?’

‘ಹೌದು.’

‘ಹಂಗಾರ ನೀವ ಒಂದ್ ಜೀವಾ ತಗದೀರಿ.’

ನಾನು ತಬ್ಬಿಬ್ಬಾದೆ. ನನ್ನ ಕೊನೆಯ ಅಧ್ಯಾಯದಲ್ಲಿ ಯಾರೂ ಸಾಯುವುದಿಲ್ಲ. ದುಷ್ಟನನ್ನು ಕೂಡ ಪೊಲೀಸರಿಗೆ ಒಪ್ಪಿಸಿದ್ದೇನೆ. ಅವಳು ಕಟ್ಟನ್ನು ಜಗುಲಿಯ ಮೇಲೆ ಹರಡಿ ಒಂದು ಪುಟಕ್ಕೆ ಬೆರಳು ಊರಿದಳು.

‘ಇಲ್ಲಿ ನೋಡ್ರಿ. ಇನ್ನೂರಾ ಎಂಬತ್ತೊಂಬತ್ತು. ತಂತಿ ಹರದೈತಿ ಅಂತ ಒಬ್ಬ ಲೈನ್‌ಮನ್ ಕಂಬ ಹತ್ಯಾನ. ಇಲ್ಲಿ ನೋಡ್ರಿ, ಇನ್ನೂರಾ ತೊಂಬತ್ತೇಳು. ನಿಮ್ಮ ಹೀರೋ ಸ್ವಿಚ್ ಹಾಕ್ಯಾನ. ಕಂಬ ಹತ್ತಿದಾಂವ ಇಳದಿದ್ದು ಎಲ್ಲೈತಿ? ನಾ ಮೂರು ಸಲ ಹುಡಕೀನಿ.’

ನಾನೂ ಹುಡುಕಿದೆ. ಎಂಟು ಪುಟದಲ್ಲಿ ಮಂತ್ರಿ ಬಂದಿದ್ದ, ಹೆಲಿಕಾಪ್ಟರ್ ಬಂದಿತ್ತು, ನಾಯಕನ ಹಣೆಯ ಬೆವರಿನ ಬಗ್ಗೆಯೇ ಅರ್ಧ ಪುಟ ಇತ್ತು. ಕಂಬದ ಮೇಲಿನ ಮನುಷ್ಯ ಇಳಿದಿರಲಿಲ್ಲ. ನಾನು ಅವನನ್ನು ಹತ್ತಿಸಿ ಮರೆತುಬಿಟ್ಟಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವಳ ಸಿಟ್ಟು ಇಳಿದು ದನಿ ಸಣ್ಣದಾಯಿತು. ರವಿಕೆಯ ತೋಳು ಕತ್ತರಿಸುತ್ತ ನಡುನಡುವೆ ಓದುತ್ತಿದ್ದಳಂತೆ. ‘ನಾಡು ಬೆಳಗಿತು’ ಎಂಬ ಸಾಲಿಗೆ ಬಂದದ್ದೇ ಕತ್ತರಿ ಅಡ್ಡ ಹೋಯಿತು. ಗಂಡನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲಕ್ಕೆ ಎತ್ತಿದ. ಗುಡ್ನಾಪುರದ ಕೆರೆಯ ಹತ್ತಿರ ಗಾಡಿಯಂಗಡಿಯಲ್ಲಿ ನಿಂತು ಮಿರ್ಚಿ ತಿನ್ನುತ್ತಿದ್ದನಂತೆ.

‘ಕೈಕಾಲು ನಡಗಿಬಿಟ್ಟುವ್ರಿ ಕಾಕಾ’ ಎಂದಳು.

ನನಗೆ ಆಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ‘ಹೆದರಿದೆಯಾ? ನಿಜವಾಗಿಯೂ ಹೆದರಿದೆಯಾ ತಂಗೀ?’ ಎಂದು ಕುಣಿಯುವುದೊಂದು ಬಾಕಿ. ಒಳಗಿನಿಂದ ಬಂದ ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು. ಅವಳು ಆ ಹುಡುಗಿಯನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು, ನನ್ನ ಕಡೆ ತಿರುಗಿ ತೀರ್ಪು ಹೇಳಿದಳು. ‘ಅದು ನಿಂಗಳ ತಪ್ಪಿಗೆ ಹೆದ್ರಿದ್ದು, ಕಥೆಗೆ ಹೆದ್ರಿದ್ದಲ್ಲ. ಲೆಕ್ಕಕ್ಕಿಲ್ಲೆ. ತಪ್ಪು ತಿದ್ದಿ, ಆಮೇಲೆ ಹೆದ್ರಸಿ.’

ಮಧ್ಯಾಹ್ನ ಊಟಕ್ಕೆ ಬಂದ ಲೈನ್‌ಮನ್ ಮಜ್ಜಿಗೆ ಕುಡಿಯುತ್ತ ನಮ್ಮ ಜಗುಲಿಯಲ್ಲಿ ಕೂತ. ಹೆಂಡತಿಯ ಪುಕ್ಕಲುತನವನ್ನು ಸ್ವಲ್ಪ ಹೊತ್ತು ತಮಾಷೆ ಮಾಡಿದ. ಆಮೇಲೆ ಪುಟಗಳನ್ನು ತಾನೇ ತಿರುವಿ ನೋಡಿದ.

‘ಕಾಕಾ, ನೀವು ಎರಡು ವರ್ಷದಿಂದ ಕರೆಂಟ್ ಹೆಂಗ ಹೋಕ್ಕೈತಿ ಅಂತನ ಕೇಳೀರಿ. ಹೋಗೂದ್ರಾಗ ಏನೈತ್ರಿ? ಟೊಂಗಿ ಬಿದ್ರ ಹೋಕ್ಕೈತಿ, ಮಂಗ್ಯಾ ಹಾರಿದ್ರ ಹೋಕ್ಕೈತಿ. ಬರೂದು ಹೆಂಗ ಅಂತ ಒಂದಿನಾನೂ ಕೇಳ್ಲಿಲ್ಲ.’

ಅಂದು ಕೇಳಿದೆ. ಕಂಬ ಹತ್ತುವ ಮೊದಲು ಅವನು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ‘ಎಲ್‌ಸಿ’ ತೆಗೆದುಕೊಳ್ಳುತ್ತಾನೆ, ಲೈನ್ ಕ್ಲಿಯರ್. ಅಲ್ಲಿಯ ಆಪರೇಟರ್ ಆ ಲೈನಿನ ಕರೆಂಟು ತೆಗೆದು, ಮೇಲೆ ಮನುಷ್ಯನಿದ್ದಾನೆ ಎನ್ನುವ ಬೋರ್ಡನ್ನು ಸ್ವಿಚ್ಚಿಗೆ ತೂಗುಹಾಕಿ, ಪುಸ್ತಕದಲ್ಲಿ ಇವನ ಹೆಸರು ಬರೆದುಕೊಳ್ಳುತ್ತಾನೆ. ಕೆಲಸ ಮುಗಿಸಿ ಇಳಿದ ಮೇಲೆ ಇವನೇ ಫೋನು ಮಾಡಿ ಅದನ್ನು ವಾಪಸು ಕೊಡಬೇಕು. ಅಲ್ಲಿಯವರೆಗೆ ಊರಿಗೆ ಊರೇ ಬೈದರೂ ಕರೆಂಟು ಬರುವುದಿಲ್ಲ.

‘ನಿನ್ನ ಬದಲು ಬೇರೆ ಯಾರಾದರೂ ಹೇಳಿದರೆ?’

‘ನಮ್ಮಪ್ಪ ಹೇಳಿದ್ರೂ ಇಲ್ರಿ. ಯಾರ ತಗೊಂಡಿರ್ತಾರ ಅವ್ರ ಕೊಡಬೇಕು. ನಿಮ್ಮ ಬಸ್ಸಿನ್ಯಾಗ ಕಂಡಕ್ಟರ್ ರೈಟ್ ಅನ್ನದ ಡ್ರೈವರ್ ಗಾಡಿ ಎತ್ತತಾನೇನ್ರಿ?’

ಈ ಮಾತು ನನಗೆ ನಾಟಿತು. ಮೂವತ್ತೆರಡು ವರ್ಷ ಸೀಟಿ ಊದಿ ಬಸ್ಸು ಬಿಟ್ಟವನು ನಾನು. ಒಬ್ಬ ಮುದುಕಿಯ ಒಂದು ಕಾಲು ಮೆಟ್ಟಿಲ ಮೇಲೆ ಇದ್ದಾಗ ಗಾಡಿ ಎತ್ತಿದ ಡ್ರೈವರನನ್ನು ಅಟ್ಟಿಸಿಕೊಂಡು ಹೋಗಿ ಬೈದಿದ್ದೇನೆ. ಅಂಥ ನಾನೇ ಒಬ್ಬನನ್ನು ಕಂಬದ ಮೇಲೆ ಬಿಟ್ಟು ರೈಟ್ ಹೇಳಿದ್ದೆ. ಆಗ ನಾಚಿಕೆಯಾಯಿತು, ಬೆಳಗಿನದೂ ಸೇರಿಸಿ ಆಯಿತು.

ಮರುದಿನದಿಂದ ಹೊಸದಾಗಿ ಬರೆಯಲು ಕೂತೆ. ಅಷ್ಟು ಖುಷಿಯಿಂದ ನಾನು ಬರೆದದ್ದು ಅದೇ ಮೊದಲು. ಕಂಪ್ಯೂಟರಿನ ದುಷ್ಟ ಎರಡು ಪುಟಕ್ಕೆ ಇಳಿದ, ಹೆಲಿಕಾಪ್ಟರ್ ಹೋಯಿತು. ಭಾವನ ಮಾತಿನಂತೆ ಲೂಟಿ ಏಳನೆಯ ದಿನಕ್ಕೆ ಸರಿಯಿತು, ಆಮೇಲೆ ಅಲ್ಲಿಯೂ ನಿಲ್ಲದೆ ಪೂರ್ತಿ ಬಿದ್ದೇಹೋಯಿತು. ಹೊಸ ಕೊನೆಯಲ್ಲಿ ಎಲ್ಲವೂ ಸಿದ್ಧವಾಗಿದೆ, ನಾಡಿಗೆ ನಾಡೇ ಕಾಯುತ್ತಿದೆ, ಮಂತ್ರಿಗಳು ಫೋನಿನಲ್ಲಿ ಕೂಗುತ್ತಿದ್ದಾರೆ. ಆದರೆ ಒಂದು ಕಣಿವೆಯಲ್ಲಿ ಒಬ್ಬ ಕಂಬದ ಮೇಲಿದ್ದಾನೆ, ಅವನ ಫೋನಿಗೆ ಸಿಗ್ನಲ್ಲಿಲ್ಲ. ನನ್ನ ಎಳೆಯ ಆಪರೇಟರ್ ಸ್ವಿಚ್ಚಿಗೆ ಅಡ್ಡವಾಗಿ ನಿಂತು, ‘ಅವನು ಇಳಿದೆ ಅನ್ನಲಿ’ ಎನ್ನುತ್ತಾನೆ. ಪುಟ ಮುಗಿದ ಹಾಗೆ ನಾನು ಹೊಲಿಗೆ ಮಶೀನಿನ ಹತ್ತಿರ ಒಯ್ಯುತ್ತಿದ್ದೆ. ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಓದಿ, ತಪ್ಪು ಕಂಡಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಕೊನೆಯ ಅಧ್ಯಾಯವನ್ನು ಮಾತ್ರ ಅವಳಿಗೂ ತೋರಿಸಲಿಲ್ಲ. ಹೆಂಡತಿಯ ತೀರ್ಪಿನಂತೆ ಇನ್ನೊಮ್ಮೆ ಹೆದರಿಸಬೇಕಾಗಿತ್ತು, ಅದನ್ನು ಎಲ್ಲರ ಮುಂದೆ ಓದಿಯೇ ಹೆದರಿಸುವುದೆಂದು ನಿಶ್ಚಯಿಸಿದ್ದೆ.

ನಮ್ಮ ಓಣಿಯಲ್ಲಿ ಓದುವ ಕೂಟವೊಂದಿದೆ, ಅದರವರು ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮೂರಕ್ಕೆ ಆ ಓದನ್ನು ಇಟ್ಟುಕೊಂಡರು, ಪೇಟೆಯಲ್ಲಿ ಒಂದು ಅಂಗಡಿಯ ಮಹಡಿಯ ಹಾಲಿನಲ್ಲಿ. ನಲವತ್ತು ಜನ ಸೇರಿದ್ದರು. ಸಿದ್ದಾಪುರದ ಭಾವ ಬಸ್ಸಿಗೆ ಬಂದ. ಮಂಚಿಕೇರಿಯ ಗೆಳೆಯ ಬಾಡಿಗೆ ಬೇಡವೆಂದು ಮೈಕ್ ಸೆಟ್ಟನ್ನೂ ಒಂದು ಸಣ್ಣ ಜನರೇಟರನ್ನೂ ತನ್ನ ಗಾಡಿಯಲ್ಲೇ ತಂದ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಲೈನ್‌ಮನ್‌ಗೆ ಕಾದಿರಿಸಿತ್ತು. ಆದರೆ ಎರಡು ಗಂಟೆಗೆ ಗಾಳಿ ಎದ್ದು ಒಂದು ಜಡಿ ಮಳೆ ಹೊಡೆಯಿತು, ಬನವಾಸಿ ರಸ್ತೆಯಲ್ಲಿ ಲೈನಿನ ಮೇಲೆ ಮರ ವಾಲಿತು. ಅವನು ಅತ್ತ ಓಡಿದ, ಕುರ್ಚಿ ಖಾಲಿ ಉಳಿಯಿತು.

ನಾನು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ಕರೆಂಟು ಹೋಯಿತು.

‘ಹೋತು’ ಎಂದಿತು ಸಭೆ ಒಟ್ಟಾಗಿ, ಎಂದಿನ ಸಮಾಧಾನದಲ್ಲಿ. ನಾಲ್ಕಾರು ಜನ ಫೋನು ತೆಗೆದು ಬೇರೆ ಬೇರೆ ಓಣಿಗಳಿಗೆ ‘ಅಲ್ಲಿ ಇದ್ದಾ?’ ಎಂದು ಕೇಳಲು ತೊಡಗಿದರು. ಫ್ಯಾನುಗಳು ನಿಂತು ಸೆಕೆ ಏರಿತು. ಮಂಚಿಕೇರಿಯ ಗೆಳೆಯನಿಗೆ ಮಾತ್ರ ಹಬ್ಬ. ‘ಮಂಡೆಬಿಸಿ ಬೇಡ, ನಾನಿದ್ದೇನೆ. ಮೈಕೊಂದೇ ಅಲ್ಲ, ಫ್ಯಾನೂ ತಿರುಗಿಸಿ ಬಿಡ್ತೆ’ ಎಂದು ಜನರೇಟರಿನಿಂದ ಒಂದು ವಾಯರ್ ಎಳೆದುಕೊಂಡು ಹಾಲಿನ ಬೋರ್ಡಿನ ಕಡೆ ನಡೆದ.

‘ಅಣ್ಣಾರ, ಅದನ್ನ ಬೋರ್ಡಿಗೆ ಹಚ್ಚಬ್ಯಾಡ್ರಿ!’

ಲೈನ್‌ಮನ್ ಹೆಂಡತಿ ಎದ್ದು ನಿಂತಿದ್ದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

‘ಯಾಕೆ? ಏನಾಯ್ತು?’

‘ಆ ಕರೆಂಟ್ ಈ ಹಾಲಿನ್ಯಾಗ ನಿಲ್ಲಂಗಿಲ್ರಿ. ಬೋರ್ಡಿನಿಂದ ಹಿಂದಕ್ಕ ಹರದು ಲೈನಿಗೆ ಹೋಕ್ಕೈತಿ. ಈಗ ಫೋನ್ ಮಾಡಿದ್ರು, ಎಲ್‌ಸಿ ತಗೊಂಡು ಹತ್ತಾಕತ್ತೀನಿ ಅಂದ್ರು. ಮ್ಯಾಲೆ ನಮ್ಮನಿಯವ್ರು ಅದಾರ.’

ನಲವತ್ತು ಜನ ಒಮ್ಮೆಲೇ ಮೇಲೆ ನೋಡಿದರು, ಕಂಬ ಅಲ್ಲೇ ಮಾಡಿನಲ್ಲಿ ಇದೆಯೋ ಎಂಬಂತೆ. ಮೇನ್ ಸ್ವಿಚ್ಚು ತೆಗೆದು ಹಚ್ಚಿದರೆ ಆಗುತ್ತದೆ ಎಂದು ಹೇಳಲು ಗೆಳೆಯ ಬಾಯಿ ತೆರೆದ. ಆದರೆ ಆ ಹಾಲಿನ ಮೇನ್ ಸ್ವಿಚ್ಚು ಎಲ್ಲಿದೆ ಎಂದು ಅವನೂ ನೋಡಿರಲಿಲ್ಲ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನ ಮುಖ ಬೆಳ್ಳಗಾಯಿತು. ವಾಯರನ್ನು ಸುತ್ತಿದ. ಅಷ್ಟಕ್ಕೇ ಬಿಡದೆ ಜನರೇಟರನ್ನೇ ಎತ್ತಿಕೊಂಡು ಮೆಟ್ಟಿಲಿಳಿದು ಗಾಡಿಯಲ್ಲಿಟ್ಟು, ಕೈ ಒರೆಸಿಕೊಳ್ಳುತ್ತ ಬಂದು ಹಿಂದಿನ ಸಾಲಿನಲ್ಲಿ ಕೂತ.

‘ಹಂಗ ಓದ್ರಿ ಕಾಕಾ’ ಎಂದಳು ಅವಳು, ಕೂರುತ್ತ.

ಹಾಗೆಯೇ ಓದಿದೆ. ಮೈಕಿಲ್ಲ, ಫ್ಯಾನಿಲ್ಲ. ಬಸ್ ನಿಲ್ದಾಣದ ನನ್ನ ಹಳೆಯ ದನಿ ಎಲ್ಲೂ ಹೋಗಿರಲಿಲ್ಲ. ಕಣಿವೆಯ ಕಂಬ, ಸಿಗ್ನಲ್ಲಿಲ್ಲದ ಫೋನು, ಸ್ವಿಚ್ಚಿಗೆ ಅಡ್ಡ ನಿಂತ ಹುಡುಗ. ಐದನೆಯ ಪುಟಕ್ಕೆ ಬರುವಷ್ಟರಲ್ಲಿ ಸಭೆಯಲ್ಲಿ ಕೆಮ್ಮು ಕೂಡ ನಿಂತಿತ್ತು. ನನ್ನ ಕಥೆಯಲ್ಲಿ ಆ ಲೈನ್‌ಮನ್ ಕೊನೆಗೂ ಇಳಿದು, ಎರಡು ಮೈಲು ನಡೆದು, ಗುಡ್ಡ ಹತ್ತಿ, ಫೋನು ಮಾಡುತ್ತಾನೆ. ‘ಇಳಿದೆ’ ಎನ್ನುತ್ತಾನೆ. ದೀಪ ಬರುತ್ತದೆ. ಓದಿ ಮುಗಿಸಿ ಕಾಗದ ಮಡಚಿದೆ.

ಚಪ್ಪಾಳೆ ಬರಲಿಲ್ಲ. ಯಾರೂ ಏಳಲಿಲ್ಲ. ಕಥೆಯಲ್ಲಿ ಅವನು ಇಳಿದಿದ್ದ, ಬನವಾಸಿ ರಸ್ತೆಯಲ್ಲಿ ಇನ್ನೂ ಇಳಿದಿರಲಿಲ್ಲ. ಫ್ಯಾನಿನ ರೆಕ್ಕೆಗಳು ಅಲ್ಲಾಡದೆ ನಿಂತಿದ್ದವು. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ನನ್ನ ಹೆಂಡತಿ ಪಕ್ಕಕ್ಕೆ ಸರಿದು ಅವಳ ಕೈ ಹಿಡಿದುಕೊಂಡಳು. ಚಾ ಬಂತು, ಲೋಟಗಳಲ್ಲಿ ಕೆನೆಗಟ್ಟಿತು. ಕರೆಂಟು ಹೋದ ಐದು ನಿಮಿಷಕ್ಕೆ ‘ಬಂತಾ, ಬಂತಾ’ ಎಂದು ಊರೆಲ್ಲ ವಿಚಾರಿಸುವ ನಮ್ಮ ಜನ ಒಬ್ಬರೂ ತುಟಿ ಬಿಚ್ಚಲಿಲ್ಲ. ಎಷ್ಟು ಹೊತ್ತಾಯಿತೋ ನನಗೆ ತಿಳಿಯದು. ಬೇಗ ಬರಲಿ ಎಂದು ಯಾರಿಗೂ ಅನಿಸದ ಕರೆಂಟು ಅದೊಂದೇ ಇರಬೇಕು.

ಫೋನು ಬಡಿದುಕೊಂಡಿತು. ಅವಳು ಕಿವಿಗೆ ಹಿಡಿದಳು. ಅಷ್ಟು ನಿಶ್ಶಬ್ದದಲ್ಲಿ ಅವನ ದನಿ ನಮಗೆಲ್ಲ ಕೇಳಿಸಿತು. ‘ಇಳದೇನಿ. ಸಬ್‌ಸ್ಟೇಷನ್ನಿಗೆ ಹೇಳೇನಿ. ಕಾಕಾಂದು ಓದೂದು ಮುಗೀತೇನು?’

ಅವಳು ನಕ್ಕಳು. ಒಂದು ನಿಮಿಷದಲ್ಲಿ ಫ್ಯಾನು ಕಿರ್ರೆಂದು ತಿರುಗಿತು. ಹುಟ್ಟಿದಾಗಿನಿಂದ ನಾನು ಕೇಳಿದ್ದು ಒಂದೇ ಕೂಗು, ‘ಬಂತು’. ಅವತ್ತು ಅದನ್ನು ಯಾರೂ ಕೂಗಲಿಲ್ಲ. ನನ್ನ ಹೆಂಡತಿ ಎದ್ದು ನಿಂತು, ‘ಇಳ್ದ!’ ಎಂದಳು. ಆಮೇಲೆ ಚಪ್ಪಾಳೆ ಬಿತ್ತು ನೋಡಿ. ಅದು ನನ್ನ ಕಥೆಗೋ ಬನವಾಸಿ ರಸ್ತೆಯ ಕಂಬಕ್ಕೋ ಎಂದು ನಾನು ವಿಚಾರಿಸಲಿಲ್ಲ. ನನಗೆ ಹೊಟ್ಟೆ ತುಂಬಿತ್ತು. ಭಾವ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, ‘ಭಾವಾ, ಈಗ ಕಥೆ ಶುರುವಾತು’ ಎಂದ.

ಮನೆಗೆ ನಡೆದು ಬರುವಾಗ ಹೆಂಡತಿ ನನಗಿಂತ ಎರಡು ಹೆಜ್ಜೆ ಮುಂದಿದ್ದಳು. ಗೇಟಿನ ಚಿಲಕ ತೆಗೆಯುತ್ತ, ‘ಆನು ಹೆದ್ರಿದಿ’ ಎಂದಳು.

‘ಕಥೆಗಾ?’

‘ಎಂಗೆ ಗೊತ್ತಿಲ್ಲೆ. ಅಚ್ಚು ಹಾಕ್ಸಿ.’

ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ನಾನೇ ಬೆಂಕಿ ಹಚ್ಚಿದೆ. ಇನ್ನೂರ ಎಂಬತ್ತೊಂಬತ್ತರಿಂದ ಇನ್ನೂರ ತೊಂಬತ್ತೇಳರವರೆಗಿನ ಹಳೆಯ ಪುಟಗಳನ್ನು ಒಂದೊಂದಾಗಿ ಹಾಕಿದೆ, ಹೆಲಿಕಾಪ್ಟರ್ ಸಮೇತ. ನೀರು ಚೆನ್ನಾಗಿ ಕಾಯಿತು.

ಪುಸ್ತಕ ಈಗ ಅಚ್ಚಿನಲ್ಲಿದೆ. ಲೈನ್‌ಮನ್ ಇನ್ನೂ ಅದನ್ನು ಓದಿಲ್ಲ, ಮಳೆಗಾಲ ಮುಗಿಯಲಿ ಎನ್ನುತ್ತಾನೆ. ಈ ಮಳೆಗಾಲದಲ್ಲೂ ಕರೆಂಟು ಎಂದಿನಂತೆ ಹೋಗುತ್ತದೆ, ಎಂದಿನಂತೆ ಬರುತ್ತದೆ. ಸುತ್ತಲಿನ ಮನೆಗಳಿಂದ ‘ಬಂತು, ಬಂತು’ ಎಂಬ ಕೂಗು ಕೇಳುತ್ತದೆ. ನಮ್ಮ ಮನೆಯಲ್ಲಿ ಮಾತ್ರ ದೀಪ ಹತ್ತಿದ ಕೂಡಲೇ ಹೆಂಡತಿ ಅಡುಗೆಮನೆಯಿಂದ ಕೂಗುತ್ತಾಳೆ, ‘ಇಳ್ದ.’ ಎರಡು ಮನೆ ಆಚೆ ಹೊಲಿಗೆ ಮಶೀನಿನ ಮೋಟರು ಶುರುವಾಗುತ್ತದೆ.